ಚೀನೀ ಊಟದ ತತ್ಸಮ–ತದ್ಭವ

(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕನ್ನಡ ವ್ಯಾಕರಣವನ್ನೂ ಹಳಗನ್ನಡ ಕಾವ್ಯವನ್ನೂ ಪಾಠ ಹೇಳಿದವನೊಬ್ಬ ಚೀನೀ ಊಟವನ್ನು ಕುರಿತು ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಊಟಕ್ಕೂ ಭಾಷೆಗೂ ಸ್ಥಾನ ಒಂದೇ. ಎರಡಕ್ಕೂ ನಾಲಗೆಯೇ ನೆಲೆ. ಮಗಳ ಸಂಸಾರ ಅಮೆರಿಕದಲ್ಲಿರುವುದರಿಂದ ಲಾಸ್ ಏಂಜಲೀಸ್ ಮಹಾನಗರದ ಪೂರ್ವಕ್ಕಿರುವ ಸ್ಯಾನ್ ಗೇಬ್ರಿಯಲ್ ಕಣಿವೆಯಲ್ಲಿ ಕೆಲವು ತಿಂಗಳು ನಿಲ್ಲುವ ಯೋಗ ನನಗೆ ಒದಗಿತು. ಅಲ್ಲಿಯವರ ಬಾಯಲ್ಲಿ ನಾನು ಪದೇ ಪದೇ ಕೇಳಿದ ಮಾತೊಂದಿದೆ: ನಿಜವಾದ ಚೀನೀ ಊಟ ಬೇಕಾದರೆ ಪಟ್ಟಣದ ನಡುವಿನ ಚೈನಾಟೌನಿಗೆ ಹೋಗಬೇಡಿ, ಹೊರಬಡಾವಣೆಗೆ ಹೋಗಿ. ಹೀಗೇಕೆ? ಮೂಲದ ರುಚಿ ಊರ ನಡುವಿನಿಂದ ಊರ ಅಂಚಿಗೆ ಹೇಗೆ ಬಂದಿತು? 'ನಿಜವಾದ' ಎಂಬ ವಿಶೇಷಣಕ್ಕೆ ಇಲ್ಲಿ ಅರ್ಥವಾದರೂ ಏನು? ಈ ಪ್ರಶ್ನೆಗಳು ನನ್ನನ್ನು ಬಹಳ ದಿನ ಕಾಡಿದುವು.

ನಮ್ಮ ವೈಯಾಕರಣರು ಪರಭಾಷೆಯಿಂದ ಬಂದ ಶಬ್ದಗಳನ್ನು ತತ್ಸಮ, ತದ್ಭವ ಎಂದು ಎರಡಾಗಿ ವಿಂಗಡಿಸಿದ್ದಾರೆ. ಇದ್ದ ಹಾಗೆಯೇ ಬಂದುದು ತತ್ಸಮ. ನಮ್ಮ ನಾಲಗೆಗೆ ಒಗ್ಗುವಂತೆ ರೂಪ ಬದಲಿಸಿಕೊಂಡುದು ತದ್ಭವ. ಕಾವ್ಯ ತತ್ಸಮ, ಕಬ್ಬ ತದ್ಭವ. ಯಾತ್ರೆ ತತ್ಸಮ, ಜಾತ್ರೆ ತದ್ಭವ. ತದ್ಭವವೆಂದರೆ ಕೆಟ್ಟುಹೋದ ಮಾತೆಂದು ಯಾರೂ ತಿಳಿಯಬಾರದು. ಜಾತ್ರೆಯಲ್ಲಿರುವ ತೇರು, ಬೆಂಡು ಬತ್ತಾಸು, ಗದ್ದಲ ಇವೆಲ್ಲ ಯಾತ್ರೆಯೆಂಬ ಶಬ್ದದಲ್ಲಿ ಎಲ್ಲಿವೆ? ಅದು ಈ ಮಣ್ಣಿನಲ್ಲಿ ಬೇರೆಯಾಗಿಯೇ ಬೆಳೆದ ಮಾತು. ಚೀನೀಯರ ಅಡುಗೆ ಲೋಕದ ಮೇಲೆ ಸಂಚರಿಸಿದಾಗಲೂ ಇಂಥ ಎರಡು ಬಗೆಯ ರೂಪಗಳು ಹುಟ್ಟಿಕೊಂಡಿವೆ. ಯಾವ ಕಾಲದಲ್ಲಿ ತದ್ಭವ ಹುಟ್ಟಿತು, ಯಾವ ಕಾಲದಲ್ಲಿ ತತ್ಸಮ ಬಂದು ಸೇರಿತು ಎಂಬುದನ್ನು ಗೊತ್ತುಮಾಡಿದವರು ಅಡುಗೆಯವರಲ್ಲ, ಶಾಸನಕರ್ತರು. ಈ ಸಂಗತಿ ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಚೀನೀಯರು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಕ್ಯಾಲಿಫೋರ್ನಿಯದಲ್ಲಿ ಬಂಗಾರ ದೊರೆತ ಮೇಲೆ, ಎಂದರೆ 1849ರಿಂದೀಚೆಗೆ. ಬಹುಮಟ್ಟಿಗೆ ಎಲ್ಲರೂ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಕೆಲವೇ ತಾಲ್ಲೂಕುಗಳ ಗಂಡಾಳುಗಳು. 1869ರಲ್ಲಿ ಪೂರ್ತಿಯಾದ ಖಂಡಾಂತರ ರೈಲುಮಾರ್ಗದ ಪಶ್ಚಿಮದ ಭಾಗಕ್ಕಾಗಿ ಬೆಟ್ಟ ಕಡಿದವರು ಅವರು. ಕೆಲಸ ಮುಗಿದ ಮೇಲೆ ಅವರು ಬೇಡವಾದರು. ಇದೇ ಲಾಸ್ ಏಂಜಲೀಸಿನಲ್ಲಿ 1871ರ ಅಕ್ಟೋಬರಿನಲ್ಲಿ ಉದ್ರಿಕ್ತ ಗುಂಪೊಂದು ಒಂದೇ ರಾತ್ರಿ ಹದಿನೆಂಟರಷ್ಟು ಚೀನೀಯರನ್ನು ಕೊಂದುಹಾಕಿತು. 1875ರ ಒಂದು ಕಾನೂನು ಚೀನೀ ಹೆಂಗಸರು ಬರುವುದನ್ನು ಬಹುಮಟ್ಟಿಗೆ ತಡೆಯಿತು. 1882ರ ಬಹಿಷ್ಕಾರ ಶಾಸನ ಕೂಲಿಕಾರರ ಪಾಲಿಗೆ ಬಾಗಿಲನ್ನೇ ಮುಚ್ಚಿತು. ವರ್ತಕರಿಗೆ ಮಾತ್ರ ಕಿಂಡಿಯಷ್ಟು ಎಡೆಯಿತ್ತು. 1915ರಲ್ಲಿ ನ್ಯಾಯಾಲಯವೊಂದರ ತೀರ್ಪಿನಿಂದಾಗಿ ಹೋಟೆಲು ನಡೆಸುವವನೂ ವರ್ತಕನೆನಿಸಿಕೊಳ್ಳುವ ಅವಕಾಶವಾಯಿತು. ಆಗ ಸೌಟು ಹಿಡಿದು ಅರಿಯದವರೂ ಸೌಟು ಹಿಡಿದರು. ಊರಿನಿಂದ ಅಣ್ಣತಮ್ಮಂದಿರನ್ನು ಕರೆಸಿಕೊಳ್ಳಲು ಹೋಟೆಲೊಂದೇ ದಾರಿಯಾಗಿತ್ತು.

ಈ ಹೋಟೆಲುಗಳಲ್ಲಿ ಉಣ್ಣಲು ಬರುತ್ತಿದ್ದವರು ಯಾರು? ಚೀನೀ ಸಂಸಾರಗಳು ವಿರಳವಾಗಿದ್ದುವು. ಕೂಲಿಕಾರರು ಸಂಸಾರ ಕಟ್ಟಲು ಕಾನೂನೇ ಬಹುಮಟ್ಟಿಗೆ ಬಿಟ್ಟಿರಲಿಲ್ಲ. ಬರುತ್ತಿದ್ದವರು ಹೆಚ್ಚಾಗಿ ಬಿಳಿಯರು. ಅವರಿಗೆ ಮೂಳೆ, ಮುಳ್ಳು, ಹುದುಗಿನ ವಾಸನೆ ಹಿಡಿಸದು. ಸಿಹಿ ಬೇಕು, ಕರಿದದ್ದು ಬೇಕು. ಚೀನದ ತರಕಾರಿ, ಮಸಾಲೆಗಳು ಸಿಗುವುದೂ ಕಷ್ಟ. ಹೀಗಾಗಿ ಸಿಕ್ಕಿದ್ದನ್ನೆಲ್ಲ ಹೆಚ್ಚಿ, ಬಾಣಲೆಗೆ ಹಾಕಿ, ಗಟ್ಟಿ ರಸ ಸುರಿದು ಬಡಿಸುವ 'ಚಾಪ್ ಸೂಯಿ' ಹುಟ್ಟಿತು. ಅದರ ಹೆಸರಿಗೆ ಚೂರುಪಾರುಗಳ ಬೆರಕೆ ಎಂದರ್ಥ. ಅರುವತ್ತು ವರ್ಷಗಳ ಕಾಲ ಅಮೆರಿಕದ ಜನ ಅದನ್ನೇ ಚೀನದ ಊಟವೆಂದು ನಂಬಿದ್ದರು. ಅಡುಗೆಯವನಿಗೆ ಸತ್ಯ ಗೊತ್ತಿತ್ತು. ಹಿತ್ತಲ ಕೋಣೆಯಲ್ಲಿ ತನಗಾಗಿ ಬೇಯಿಸಿಕೊಳ್ಳುತ್ತಿದ್ದುದು ಬೇರೆ. ತಾನು ಉಣ್ಣದ ಊಟವನ್ನು ಬದುಕಿನುದ್ದಕ್ಕೂ ಬಡಿಸುವುದೆಂದರೆ ಏನೆಂಬುದನ್ನು ನಾವು ಸ್ವಲ್ಪ ಊಹಿಸಿಕೊಳ್ಳಬೇಕು.

1943ರಲ್ಲಿ, ಯುದ್ಧದ ನಡುವೆ, ಬಹಿಷ್ಕಾರ ಶಾಸನ ರದ್ದಾಯಿತು. ಆದರೆ ವರ್ಷಕ್ಕೆ 105 ಮಂದಿ ಚೀನೀಯರಿಗೆ ಮಾತ್ರ ಪ್ರವೇಶವೆಂದು ಗೊತ್ತುಮಾಡಿದರು. ನಿಜವಾಗಿ ಬಾಗಿಲು ತೆರೆದುದು 1965ರ ವಲಸೆ ಕಾನೂನಿನಿಂದ. ನಮ್ಮ ಕನ್ನಡಿಗರೂ ಅಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಹೋಗಿ ನೆಲೆಸಿದ್ದು ಅದೇ ಕಾನೂನಿನ ದೆಸೆಯಿಂದಲೇ ಎಂಬುದನ್ನು ಮರೆಯಬಾರದು. ಆ ಬಳಿಕ ತೈವಾನ್, ಹಾಂಗ್‌ಕಾಂಗುಗಳಿಂದ, ಮುಂದೆ ಚೀನದ ಒಳನಾಡಿನಿಂದ ಬಂದವರು ಹಳೆಯ ಕೂಲಿಕಾರರಂಥವರಲ್ಲ. ಅವರಲ್ಲಿ ಓದಿದವರಿದ್ದರು, ಬಂಡವಾಳವಿದ್ದವರಿದ್ದರು. ಹೆಂಡತಿ ಮಕ್ಕಳನ್ನೂ ವಯಸ್ಸಾದ ತಂದೆ ತಾಯಿಗಳನ್ನೂ ಕರೆತಂದರು. ಅವರು ಚೈನಾಟೌನಿನ ಇಕ್ಕಟ್ಟಿಗೆ ಏಕೆ ಹೋದಾರು? ಲಾಸ್ ಏಂಜಲೀಸಿನ ಹಳೆಯ ಚೈನಾಟೌನನ್ನು ರೈಲು ನಿಲ್ದಾಣಕ್ಕಾಗಿ ಕೆಡವಿದ ಮೇಲೆ, 1938ರಲ್ಲಿ ಕಟ್ಟಿದ ಹೊಸದು ಪ್ರವಾಸಿಗಳ ಕಣ್ಣಿಗೆ ಒಪ್ಪುವಂತೆ ಕಮಾನು, ಲಾಂದ್ರಗಳಿಂದ ಸಿಂಗರಿಸಿದ ಪೇಟೆ. ಸಂಸಾರವಂದಿಗರಿಗೆ ಬೇಕಾದದ್ದು ಅಂಗಳವಿರುವ ಮನೆ, ಒಳ್ಳೆಯ ಶಾಲೆ.

ಪಟ್ಟಣದ ನಡುವಿನಿಂದ ಸುಮಾರು 12 ಕಿಲೋಮೀಟರು ಪೂರ್ವಕ್ಕೆ ಮಾಂಟೆರೇ ಪಾರ್ಕ್ ಎಂಬ ಸಣ್ಣ ಊರಿದೆ. ಫ್ರೆಡರಿಕ್ ಶೇ ಎಂಬ ಭೂವ್ಯವಹಾರಿ 1977ರಲ್ಲಿ ಆ ಊರಿನ ವರ್ತಕ ಮಂಡಲಿಯ ಮುಂದೆ, ಇದು ಚೀನೀಯರ ಬೆವರ್ಲಿ ಹಿಲ್ಸ್ ಆಗಲಿದೆ ಎಂದು ಸಾರಿದನಂತೆ. ಕೇಳಿದವರು ನಂಬಲಿಲ್ಲ. ಆತ ತೈವಾನ್, ಹಾಂಗ್‌ಕಾಂಗುಗಳ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮನೆ ಮಾರಿದ. 1983ರಲ್ಲಿ ಲಿಲಿ ಲೀ ಚೆನ್ ಅಲ್ಲಿ ಮೇಯರ್ ಆದರು. ಅಮೆರಿಕದ ನಗರವೊಂದಕ್ಕೆ ಮೇಯರ್ ಆದ ಮೊದಲ ಚೀನೀ ಮೂಲದ ಮಹಿಳೆ ಆಕೆ. 1990ರ ಜನಗಣತಿಯ ಹೊತ್ತಿಗೆ ಆ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯಾ ಮೂಲದವರಾಗಿದ್ದರು. ಅಲ್ಲಿಂದ ಅಲ್‌ಹ್ಯಾಂಬ್ರ, ಸ್ಯಾನ್ ಗೇಬ್ರಿಯಲ್, ರೋಸ್‌ಮೀಡ್, ಆರ್ಕೇಡಿಯ ಹೀಗೆ ಒಂದೊಂದಾಗಿ ಕಣಿವೆಯ ಊರುಗಳೆಲ್ಲ ತುಂಬಿಕೊಂಡುವು. ಉಣ್ಣಬಲ್ಲವರು ಬಂದು ನೆಲೆಸಿದರು. ಅವರ ಬೆನ್ನ ಹಿಂದೆಯೇ ಅಡಬಲ್ಲವರು ಬಂದರು.

ಈ ಹೋಟೆಲುಗಳು ನೋಡಲು ಏನೂ ಅಲ್ಲ. ವ್ಯಾಲಿ ಬುಲೆವಾರ್ಡ್ ಎಂಬ ಉದ್ದನೆಯ ರಸ್ತೆಯ ಇಕ್ಕೆಲದಲ್ಲೂ ಒಂದಂತಸ್ತಿನ, ಎರಡಂತಸ್ತಿನ ಮಳಿಗೆಗಳ ಸಾಲು. ಎದುರಿಗೆ ಕಾರು ನಿಲ್ಲಿಸುವ ಬಯಲು. ಒಂದು ಕಡೆ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಕಡೆ ಹಲ್ಲಿನ ವೈದ್ಯರು, ನಡುವೆ ಹೋಟೆಲು. ಘಟಸರ್ಪದ ಚಿತ್ರವಿಲ್ಲ, ಬಿದಿರಿನ ಅಲಂಕಾರವಿಲ್ಲ. ಮೇಜಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ನಿಜವಾದುದನ್ನು ಗುರುತಿಸುವುದು ಹೇಗೆ ಎಂದು ಅಲ್ಲಿ ಬಹಳ ವರ್ಷಗಳಿಂದ ಇರುವವರನ್ನು ಕೇಳಿದೆ. ಅವರು ಹೇಳಿದ ಲಕ್ಷಣಗಳು ಹೀಗಿವೆ. 'ಚೀನೀ ಹೋಟೆಲು' ಎಂದು ಮೊತ್ತವಾಗಿ ಹೇಳಿಕೊಳ್ಳದೆ ಸಿಚುವಾನ್, ಹುನಾನ್, ಶಾಂಘೈ, ಷಿಯಾನ್ ಎಂದು ಸೀಮೆಯ ಹೆಸರು ಹೇಳಿಕೊಂಡಿರಬೇಕು. ಗೋಡೆಯ ಮೇಲೆ ಚೀನೀ ಅಕ್ಷರದಲ್ಲಿ ಬರೆದು ಅಂಟಿಸಿದ ಕಾಗದದ ಪಟ್ಟಿಗಳಿರಬೇಕು. ಅಂದಂದಿನ ವಿಶೇಷಗಳಿರುವುದು ಅಲ್ಲಿಯೇ. ಮೂರು ತಲೆಮಾರುಗಳು ಒಂದೇ ಮೇಜಿನ ಸುತ್ತ ಕೂತಿರಬೇಕು. ಊಟದ ಕೊನೆಗೆ ಭವಿಷ್ಯದ ಚೀಟಿಯಿಟ್ಟ ಬಿಸ್ಕತ್ತು ಬಂದರೆ ಅನುಮಾನಿಸಬೇಕು. ಅದು ಜಪಾನೀಯರ ಕೈಯಿಂದ ಅಮೆರಿಕದಲ್ಲಿ ರೂಢಿಗೆ ಬಂದದ್ದು, ಚೀನದ್ದಲ್ಲ. ಕಿತ್ತಳೆಯ ಹೋಳುಗಳೋ ಕೆಂಪು ಅಲಸಂದೆಯಂಥ ಕಾಳಿನ ಸಿಹಿಗಂಜಿಯೋ ಬಂದರೆ ನಂಬಬಹುದು. ಇಷ್ಟಾಗಿಯೂ ಏನು ತರಿಸಬೇಕೆಂದು ತಿಳಿಯದಿದ್ದರೆ ಪಕ್ಕದ ಮೇಜಿನ ಅಜ್ಜಿ ಏನು ಉಣ್ಣುತ್ತಿದ್ದಾಳೆಂದು ನೋಡಿ ಅದನ್ನೇ ಕೇಳುವುದು ಉತ್ತಮ. ಈ ಊರುಗಳ ಸಾಮಾನ್ಯ ಹೋಟೆಲುಗಳನ್ನು ಗೌರವದಿಂದ ಬರೆದು ಪರಿಚಯಿಸಿದ ಜೊನಾಥನ್ ಗೋಲ್ಡ್ ಎಂಬ ಪತ್ರಕರ್ತನಿಗೆ 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಹೋಟೆಲು ವಿಮರ್ಶಕನೊಬ್ಬನಿಗೆ ಆ ಪ್ರಶಸ್ತಿ ಸಂದುದು ಅದೇ ಮೊದಲು.

ನಾನು ಸಸ್ಯಾಹಾರಿ. ಚೀನೀ ಹೋಟೆಲಿನಲ್ಲಿ ನನಗೇನು ಸಿಕ್ಕೀತು ಎಂದು ನೀವು ಕೇಳಬಹುದು. ಚೀನೀ ಭಾಷೆಯಲ್ಲಿ ಸಸ್ಯಾಹಾರಕ್ಕೆ 'ಸೂ' ಎನ್ನುತ್ತಾರೆ. ಬಣ್ಣ ಹಾಕದ ಬಿಳಿಯ ರೇಷ್ಮೆಗೂ ಸರಳವಾದುದಕ್ಕೂ ಅದೇ ಮಾತು. ಎಷ್ಟು ಸೊಗಸಾದ ಅರ್ಥವಿಸ್ತಾರ! ಬೌದ್ಧ ವಿಹಾರಗಳಲ್ಲಿ ಬೆಳೆದ ಅಡುಗೆ ಅದು. 6ನೆಯ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಎಂಬ ಚಕ್ರವರ್ತಿ ಭಿಕ್ಷುಗಳಿಗೆ ಮಾಂಸವನ್ನು ನಿಷೇಧಿಸಿದನು. ಅಣಬೆ, ತಾವರೆಯ ದಂಟು, ಸೋಯಾ ಗಿಣ್ಣು, ಗೋಧಿಯ ಅಂಟು ಮೊದಲಾದುವನ್ನು ಕೂಡಿಸಿ ಮಾಡುವ ಒಂದು ಮೇಲೋಗರದ ಹೆಸರು 'ಲುವೊಹಾನ್ ಜಾಯ್'. ಸಂಪ್ರದಾಯದಂತೆ ಹದಿನೆಂಟು ಬಗೆಯ ವಸ್ತುಗಳು ಅದಕ್ಕೆ ಬೀಳಬೇಕು. 'ಲುವೊಹಾನ್' ಎಂದರೆ ನಮ್ಮ 'ಅರ್ಹತ್' ಶಬ್ದದ ಚೀನೀ ತದ್ಭವ! ಪಂಪ, ಪೊನ್ನರನ್ನು ಪಾಠ ಹೇಳುತ್ತ ದಿನವೂ ಅರ್ಹಂತರ ಹೆಸರೆತ್ತಿದವನಿಗೆ, ಭೂಮಿಯ ಇನ್ನೊಂದು ಮಗ್ಗುಲಿನ ಊಟದ ಪಟ್ಟಿಯಲ್ಲಿ ಆ ಶಬ್ದ ಹೊಸ ವೇಷದಿಂದ ಎದುರಾದಾಗ ಆದ ಸಂತೋಷವನ್ನು ಹೇಳಿ ತೀರಿಸಲಾರೆ. ಅದು ಜೈನರಿಂದಲ್ಲ, ಬೌದ್ಧರಿಂದ ಹೋದದ್ದು. ಆದರೂ ಬಂಧು ಬಂಧುವೇ.

ಒಂದು ಸಿಚುವಾನ್ ಹೋಟೆಲಿನಲ್ಲಿ ಮಗಳು 'ಮಾಪೋ' ಎಂಬ ಸೋಯಾ ಗಿಣ್ಣಿನ ಸಾರನ್ನು ಮಾಂಸವಿಲ್ಲದೆ ಮಾಡಿಸಿದಳು. "ಅಪ್ಪಾ, ಇದು ಖಾರ ಮಾತ್ರವಲ್ಲ, ನಾಲಗೆ ಮರಗಟ್ಟುತ್ತದೆ, ನಿಧಾನವಾಗಿ ತಿನ್ನಿ" ಎಂದು ಎಚ್ಚರಿಸಿದಳು. ಮೊದಲ ತುತ್ತಿಗೇ ತುಟಿ ಜುಮ್ಮೆಂದಿತು. ನಾನು ಆ ಕಾಳನ್ನು ಆರಿಸಿ ಅಂಗೈಯಲ್ಲಿಟ್ಟು ನೋಡಿದೆ: ಬಾಯಿಬಿಟ್ಟ ಪುಟ್ಟ ಸಿಪ್ಪೆ. ಇದು ನಮ್ಮ ಉತ್ತರ ಕನ್ನಡದ ಜುಮ್ಮನಕಾಯಿಯ ಅಣ್ಣನೋ ತಮ್ಮನೋ ಆಗಬೇಕು! ಸಸ್ಯಶಾಸ್ತ್ರದ ಪ್ರಕಾರವೂ ಎರಡೂ ಒಂದೇ ಕುಲದವು. ಕೊಂಕಣಿಗರು ತೆಪ್ಪಳವೆಂದು ಕರೆದು ಮೀನಿನ ಸಾರಿಗೂ ಬೇಳೆಯ ಹುಳಿಗೂ ಹಾಕುವುದು ಅದನ್ನೇ. ನಮ್ಮವರು ನಾಲಗೆಗೆ ಆಗುವ ಅನುಭವವನ್ನೇ ಹೆಸರಾಗಿ ಇಟ್ಟುಬಿಟ್ಟರು. ಚೀನೀಯರೂ ಜುಮ್ಮೆನ್ನುವುದನ್ನು ಒಂದು ರುಚಿಯೆಂದೇ ಎಣಿಸಿ 'ಮಾ' ಎಂದರು, ಖಾರ 'ಲಾ', ಎರಡೂ ಕೂಡಿದರೆ 'ಮಾಲಾ'.

ಈ ಕಾಳಿಗೂ ಒಂದು ಕಾನೂನಿನ ಕಥೆಯಿದೆ. ನಿಂಬೆ, ಕಿತ್ತಳೆ ಗಿಡಗಳಿಗೆ ತಗಲುವ ರೋಗವೊಂದನ್ನು ಇದು ಹೊತ್ತು ತಂದೀತೆಂಬ ಭಯದಿಂದ ಅಮೆರಿಕ ಸರ್ಕಾರ 1968ರಲ್ಲಿ ಇದರ ಆಮದನ್ನು ನಿಷೇಧಿಸಿತು. ಕಾವಲು ಬಿಗಿಯಾಗಿರಲಿಲ್ಲವಾದ್ದರಿಂದ ಅಂಗಡಿಗಳಲ್ಲಿ ಗುಟ್ಟಾಗಿ ಸಿಗುತ್ತಿತ್ತು. 2005ರಲ್ಲಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ನಿಮಿಷ ಕಾಯಿಸಿ ತರಬಹುದೆಂದು ನಿಷೇಧವನ್ನು ಸಡಿಲಿಸಿದರು. ಅದುವರೆಗೆ ಕಾನೂನಿಗೆ ಅಂಜುವ ಅಡುಗೆಯವನು ಅಮೆರಿಕದಲ್ಲಿ ಸಿಚುವಾನ್ ಅಡುಗೆಯನ್ನು ನಿಜವಾಗಿ ಮಾಡುವಂತೆಯೇ ಇರಲಿಲ್ಲ. 'ಇದು ಮೂಲದ್ದಲ್ಲ' ಎಂದು ಮೂಗು ಮುರಿಯುವ ಮುನ್ನ, ಮೂಲದ್ದನ್ನು ಮಾಡಲು ಅವನನ್ನು ಬಿಟ್ಟಿದ್ದರೇ ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಮಾತು. ಮೂಲವೆಂದು ನಾವು ಕೈಮುಗಿಯುವುದಕ್ಕಾದರೂ ಎಷ್ಟು ವಯಸ್ಸು? ಮೆಣಸಿನಕಾಯಿಯಿಲ್ಲದ ಸಿಚುವಾನ್ ಅಡುಗೆಯನ್ನು ಇಂದು ಊಹಿಸಲಾಗದು. ಆದರೆ ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಚೀನದಲ್ಲಿ ಅದರ ಪ್ರಸ್ತಾಪ ಬರುವುದು 16ನೆಯ ಶತಮಾನದ ಕೊನೆಗೆ. ನಮ್ಮ ನಾಡಿಗೂ ಅದು ಪೋರ್ಚುಗೀಸರ ಮೂಲಕ ಬಂದದ್ದೇ. ನಾವು ಮನೆಯಲ್ಲಿದ್ದ ಮೆಣಸಿನ ಹೆಸರನ್ನು ಹೊಸಬನಿಗೆ ಕೊಟ್ಟು 'ಮೆಣಸಿನಕಾಯಿ' ಎಂದೆವು. ಹಳೆಯ ಮೆಣಸು 'ಕಾಳುಮೆಣಸು' ಆಗಬೇಕಾಯಿತು. ಚೀನೀಯರು ಮಾಡಿದ್ದೂ ಅದನ್ನೇ. ಅವರ 'ಜಿಯಾವೊ' ಎಂಬ ಮಾತಿಗೆ ಮೊದಲು ಆ ಜುಮ್ಮೆನ್ನುವ ಕಾಳೇ ಅರ್ಥ. ಮೆಣಸಿನಕಾಯಿ ಬಂದಾಗ ಅದನ್ನು 'ಲಾಜಿಯಾವೊ', ಖಾರದ ಜಿಯಾವೊ, ಎಂದರು. ಒಂದರ ಅರಿವು ಇನ್ನೊಂದಕ್ಕೆ ಇಲ್ಲದೆ ಎರಡು ನಾಡುಗಳು ಒಂದೇ ರೀತಿಯಲ್ಲಿ ನಾಮಕರಣ ಮಾಡಿದುವು. ಆದ್ದರಿಂದ ಇಂದಿನ ತತ್ಸಮದೊಳಗೆ ನೆನ್ನೆಯ ತದ್ಭವವೊಂದು ಅಡಗಿ ಕುಳಿತಿರುತ್ತದೆ.

ನಮ್ಮ ಊರಿನ ಸಂಜೆಯ ಗಾಡಿಗಳಲ್ಲಿ ಮಾರುವ ಗೋಬಿ ಮಂಚೂರಿಯನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. 18ನೆಯ ಶತಮಾನದ ಕೊನೆಯ ಭಾಗದಿಂದ ಕಲಕತ್ತೆಯಲ್ಲಿ ನೆಲೆಸಿದ ಚೀನೀಯರ ಅಡುಗೆ ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳೊಡನೆ ಕೂಡಿ ಬೇರೆಯೇ ದಾರಿ ಹಿಡಿಯಿತು. ಕಲಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯಲ್ಲಿ ಕೋಳಿಯ ಮಂಚೂರಿಯನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಅದರ ಶಾಕಾಹಾರಿ ತಮ್ಮ ನಮ್ಮ ಗೋಬಿ. ಮಂಚೂರಿಯ ದೇಶದವರು ಅದನ್ನು ಕಂಡವರಲ್ಲ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಊರೆಲ್ಲ ಅದೇ ಮಾತಾಯಿತು. ಇಷ್ಟು ಜನ ಇಷ್ಟು ಕಳಕಳಿಯಿಂದ ಚರ್ಚಿಸುವ ತಿನಿಸನ್ನು ಪರದೇಶದ್ದೆನ್ನುವುದು ಹೇಗೆ? ಅದು ನಮ್ಮ ಜಾತ್ರೆ. ಬಣ್ಣ ಬೇಡ, ಅಷ್ಟೆ.

ಮಾಂಟೆರೇ ಪಾರ್ಕಿಗೆ ಮರಳೋಣ. ಅಲ್ಲಿ ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಅಂಗಡಿಗಳ ಹಲಗೆಗಳ ಮೇಲೆ ಚೀನೀ ಅಕ್ಷರ ಹೆಚ್ಚಾದಂತೆ ಹಳಬರಿಗೆ ತಮ್ಮ ಊರಿನಲ್ಲಿಯೇ ತಾವು ಅನಕ್ಷರಸ್ಥರಾದಂತೆ ತೋರಿತು. 1986ರಲ್ಲಿ ನಗರಸಭೆ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿಸಬೇಕೆಂದು ನಿರ್ಣಯ ಮಾಡಿತು. ಪ್ರತಿಭಟನೆ ಎದ್ದು, ಮುಂದೆ ಅದನ್ನು ಹಿಂತೆಗೆದುಕೊಂಡರು. ನಾಮಫಲಕದ ಭಾಷೆಯ ವಿಷಯವಾಗಿ ಬಹಳ ಕಂಡಿರುವ ಬೆಂಗಳೂರಿನವರಿಗೆ ಈ ಸಂಕಟದ ಎರಡು ಮುಖಗಳೂ ತಿಳಿಯುತ್ತವೆ. ಇದ್ದವನಿಗೆ ತನ್ನ ಊರು ಕೈತಪ್ಪುವ ನೋವು. ಬಂದವನಿಗೆ ತನ್ನ ನುಡಿ ಕೈತಪ್ಪುವ ನೋವು. ನಾನು ಇಲ್ಲಿ ಇದ್ದವನು, ನನ್ನ ಮಗಳು ಅಲ್ಲಿ ಬಂದವಳು. ಆದ್ದರಿಂದ ಒಂದು ಪಕ್ಷ ವಹಿಸಿ ಮಾತನಾಡುವುದು ನನಗೆ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.

ಆ ಹೋಟೆಲುಗಳಲ್ಲಿ ನಾನು ಹೆಚ್ಚಾಗಿ ಗಮನಿಸಿದ್ದು ಊಟವನ್ನಲ್ಲ, ಮುದುಕರನ್ನು. ತಟ್ಟೆ ಬಂದೊಡನೆ ಅಜ್ಜ ಕಡ್ಡಿಯ ತುದಿಯಿಂದ ಒಂದು ಚೂರು ತೆಗೆದು ಬಾಯಿಗಿಡುತ್ತಾನೆ. ಹುಳಿ ಕಡಮೆಯೆಂದೋ ಉರಿ ಸಾಲದೆಂದೋ ಬಡಿಸುವವಳಿಗೆ ಹೇಳುತ್ತಾನೆ. ಅವಳು ಒಳಗೆ ಹೋಗಿ ಅಡುಗೆಯವನಿಗೆ ಹೇಳುತ್ತಾಳೆ. ಅವನು ಗೊಣಗುತ್ತ ತಿದ್ದುತ್ತಾನೆ. ನಿಜವಾದ ಅಡುಗೆಯ ರಹಸ್ಯ ಇದೇ. ಪಾಕಶಾಸ್ತ್ರದ ಪುಸ್ತಕ ಅದನ್ನು ಕಾಯಲಾರದು; ತಪ್ಪು ಕಂಡುಹಿಡಿಯಬಲ್ಲ ನಾಲಗೆಯೊಂದು ಎದುರಿಗೆ ಕೂತಿರಬೇಕು. ಚಾಪ್ ಸೂಯಿಯ ಕಾಲದಲ್ಲಿ ಇಲ್ಲದೆ ಹೋದದ್ದು ಈ ನಾಲಗೆ. ಹೊರಬಡಾವಣೆಗೆ ಅದು ಸಂಸಾರದೊಡನೆ ಬಂದು ಸೇರಿತು.

ಪಕ್ಕದಲ್ಲಿ ಕೂತ ಮೊಮ್ಮಗಳೋ, ಅಜ್ಜ ಚೀನೀ ಭಾಷೆಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೋಟೆಲಿನವರ ಮಕ್ಕಳೂ ಹಾಗೆಯೇ. ಅವರು ವೈದ್ಯರೋ ಎಂಜಿನಿಯರೋ ಆಗುತ್ತಾರೆ, ಒಲೆಯ ಮುಂದೆ ನಿಲ್ಲುವುದಿಲ್ಲ. ಅಪ್ಪ ಅಮ್ಮ ಹಗಲಿರುಳು ದುಡಿದದ್ದೂ ಅವರು ನಿಲ್ಲಬಾರದೆಂದೇ. ಆ ತಾಯಿತಂದೆಯರಿಗೆ ಇದು ಸಫಲತೆ. ಹೊಸ ವಲಸೆಗಾರರು ಬರುತ್ತಿರುವವರೆಗೆ ಹೊಸ ಅಡುಗೆಯವರೂ ಹೊಸ ಅಜ್ಜಂದಿರೂ ಬರುತ್ತಾರೆ. ಬಾಗಿಲು ಮುಚ್ಚಿದರೆ ಎರಡು ತಲೆಮಾರಿನಲ್ಲಿ ರುಚಿ ಮಾಯವಾದೀತು. 1882ರ ಬಳಿಕ ಆದದ್ದು ಅದೇ ತಾನೆ?

ನನ್ನ ಮೊಮ್ಮಗನಿಗೆ ಬಿಸಿಬೇಳೆ ಭಾತು ಇಷ್ಟ. ಕನ್ನಡ ಅರ್ಥವಾಗುತ್ತದೆ, ಆಡುವುದು ಕಡಮೆ. ಅಲ್ಲಿಯ ಕನ್ನಡ ಕೂಟಗಳಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಹುಳಿ ಕಡಮೆಯೆಂದು ಹೇಳುವ ಅಜ್ಜನಂತೆ, ಈ ಮಾತು ಹೀಗಲ್ಲ, ಹೀಗೆ ಎಂದು ಎದುರಿಗೆ ಕೂತು ಹೇಳುವವರು ಎಷ್ಟು ಮಂದಿ? ಅಲ್ಲಿಯ ಮಾತು ಹಾಗಿರಲಿ. ನಮ್ಮ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಒಬ್ಬ ಲೇಖಕ ಸಡಿಲವಾದ ವಾಕ್ಯ ಬರೆದರೆ ಅದನ್ನು ಬಾಯಿಗಿಟ್ಟು ನೋಡಿ ಒಳಕ್ಕೆ ಹಿಂತಿರುಗಿಸುವ ಓದುಗರು ಎಷ್ಟು ಮಂದಿ ಉಳಿದಿದ್ದೇವೆ? ಬಡಿಸಿದ್ದನ್ನೆಲ್ಲ ಸುಮ್ಮನೆ ಉಣ್ಣುವವರ ಮುಂದೆ ಎಂಥ ಅಡುಗೆಯವನೂ ಕೆಲವೇ ದಿನಗಳಲ್ಲಿ ಚಾಪ್ ಸೂಯಿ ಮಾಡತೊಡಗುತ್ತಾನೆ.

ತದ್ಭವಗಳು ಹುಟ್ಟಲಿ, ಅವು ಹುಟ್ಟದ ಭಾಷೆ ಬೆಳೆಯದು. ಮಕ್ಕಳ ಕನ್ನಡ ನಮ್ಮ ಕನ್ನಡದಂತೆ ಇರಲಾರದು, ಇರಬೇಕೆಂದು ಹಟ ಹಿಡಿಯುವುದೂ ತರವಲ್ಲ. ಮೂಲದ ರುಚಿ ಬಲ್ಲ ಕೆಲವರಾದರೂ ಮೇಜಿನ ಮುಂದೆ ಕೂತಿರುವಾಗಲೇ ಅವು ಹುಟ್ಟಲಿ ಎಂಬುದಷ್ಟೇ ನನ್ನ ಆಸೆ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ, ಅವರು ಸಾರಿನ ವಿಷಯವಾಗಿ ಆಡುವ ಗೊಣಗನ್ನು ಒಮ್ಮೆ ಮಕ್ಕಳ ಕಿವಿಗೆ ಬೀಳಗೊಡಿ. ಅವರು ಗೊಣಗುವುದು ಕನ್ನಡದಲ್ಲಿ.